ಮುದ್ದೆ ಮಾಡುವ ಹೊತ್ತಿಗೆ ಹೋದೆ: ಒಬ್ಬ ಮಾನಸಿಕ ಆರೋಗ್ಯ ನರ್ಸ್‌ನ ಅನುಭವ

ರೋಗಿಯ ಕೈ ಬಿಗಿಯಾಗಿದೆಯಾ ಅಂತ ನೋಡೋದು ನನಗೆ ಚೆನ್ನಾಗಿ ಗೊತ್ತಿತ್ತು. ಮೊಣಕೈ ಹಿಡಿದು ಮೆಲ್ಲಗೆ ಮಡಚಿ ಬಿಡಿಸಬೇಕು. ಚಕ್ರದ ಹಲ್ಲಿಗೆ ಸಿಕ್ಕಿದ ಹಾಗೆ ತಡೆದು ತಡೆದು ಬಂದರೆ ಅದು ಮನೋರೋಗದ ಔಷಧಿಯ ಅಡ್ಡಪರಿಣಾಮ. ಇಷ್ಟೆಲ್ಲ ಗೊತ್ತಿದ್ದೂ, ಒಬ್ಬ ಹೆಣ್ಣುಮಗಳು ಮಾತ್ರೆ ಯಾಕೆ ಬಿಟ್ಟಳು ಅಂತ ಕಂಡುಹಿಡಿಯಲು ನನಗೆ ಐದು ತಿಂಗಳು ಬೇಕಾಯಿತು. ಉತ್ತರ ಅವಳ ಒಲೆ ಮುಂದೆಯೇ ಇತ್ತು.

ನಾನು ಚಿತ್ರದುರ್ಗ ಜಿಲ್ಲೆಯಲ್ಲಿ ಕೆಲಸ ಮಾಡುತ್ತೇನೆ. ಸ್ಟಾಫ್ ನರ್ಸ್ ಆಗಿ ಏಳು ವರ್ಷ ಆದ ಮೇಲೆ ಇಲಾಖೆಯವರು ಡೆಪ್ಯುಟೇಷನ್ ಮೇಲೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಕಳಿಸಿದರು. ಮನೋರೋಗ ಶುಶ್ರೂಷೆಯಲ್ಲಿ ಒಂದು ವರ್ಷದ ಡಿಪ್ಲೊಮಾ. ನಾವೆಲ್ಲ ಡಿಪಿಎನ್ ಅಂತೀವಿ. ನಿಮ್ಹಾನ್ಸ್ ಅನ್ನುವ ಹೆಸರು ಬಂದದ್ದು 1974ರಲ್ಲಿ, ಈ ಕೋರ್ಸ್ ಅದಕ್ಕಿಂತ ಹಳೆಯದು. ಕಲಿತದ್ದು ಕಮ್ಮಿಯೇನಲ್ಲ. ರೋಗಿಯ ಜೊತೆ ಅರ್ಧ ಗಂಟೆ ಕೂತು ಸುಮ್ನೆ ಕೇಳಿಸಿಕೊಳ್ಳೋದು ಹೇಗೆ, ಕುಡಿತ ಬಿಟ್ಟವನ ಮೇಲೆ ಮೂರನೇ ದಿನ ರಾತ್ರಿ ಯಾಕೆ ಕಣ್ಣಿಟ್ಟಿರಬೇಕು, ಅವನಿಗೆ ಗ್ಲೂಕೋಸ್ ಬಾಟಲಿ ಹಾಕುವ ಮುಂಚೆ ಥಯಾಮಿನ್ (ಬಿ1 ವಿಟಮಿನ್) ಯಾಕೆ ಕೊಡಬೇಕು. ಇವೆಲ್ಲ ಇವತ್ತಿಗೂ ಕೈಹಿಡಿಯುತ್ತವೆ.

ವಾಪಸ್ ಬಂದವಳನ್ನು ಎಲ್ಲಿ ಹಾಕಿದರು ಗೊತ್ತಾ? ಹೆರಿಗೆ ವಾರ್ಡಿಗೆ. ಎರಡು ವರ್ಷ. ಸರ್ಕಾರದ ದುಡ್ಡಲ್ಲಿ ಮನೋರೋಗ ಕಲಿತು ಬಂದು ಹೊಕ್ಕುಳಬಳ್ಳಿ ಕತ್ತರಿಸುತ್ತಿದ್ದೆ. ಆದರೂ ಪೂರ್ತಿ ವ್ಯರ್ಥ ಅನ್ನಲಾರೆ. ಹೆರಿಗೆಯಾದ ವಾರದೊಳಗೆ ನಿದ್ದೆ ಬಿಟ್ಟು, ಮಗುವನ್ನೇ ಅನುಮಾನದಿಂದ ನೋಡುವ ಬಾಣಂತಿಯರನ್ನು ಗುರುತಿಸಿದ್ದು ಅಲ್ಲೇ. ಮನೆಯವರು 'ಗಾಳಿ ಸೋಂಕು' ಅಂತ ತಾಯಿತ ಕಟ್ಟಿಸಿಕೊಂಡು ಬರುತ್ತಿದ್ದರು.

ಆಮೇಲೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಕ್ಕೆ ಸೇರಿದೆ. ಈ ಕಾರ್ಯಕ್ರಮಕ್ಕೆ ನಮ್ಮ ಕಡೆಯದೇ ಬೇರು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿದ್ದನ್ನೇ 1996ರಿಂದ ದೇಶದ ಬೇರೆ ಜಿಲ್ಲೆಗಳಿಗೂ ತಂದರು. 2014ರಲ್ಲಿ ರಾಜ್ಯದಲ್ಲಿ ಮನೋಚೈತನ್ಯ ಅನ್ನುವ ಕಾರ್ಯಕ್ರಮ ಬಂತು. ಮಂಗಳವಾರ ಮನೋವೈದ್ಯರು ತಾಲೂಕು ಆಸ್ಪತ್ರೆಗೇ ಬಂದು ಕೂರುತ್ತಾರೆ. ಕೆಲವು ಅಜ್ಜಿಯರು 'ಮಂಗಳವಾರ ಔಷಧಿ ಶುರು ಮಾಡಬಾರದು' ಅಂದು ಚೀಟಿ ಬರೆಸಿಕೊಂಡು, ಬುಧವಾರದಿಂದ ನುಂಗಿಸುತ್ತಾರೆ. ನುಂಗಿದರೆ ಸಾಕು, ನನ್ನದೇನೂ ತಕರಾರಿಲ್ಲ.

ಮೊದಲ ವರ್ಷವೇ ನಾನೊಂದು ತಪ್ಪು ಮಾಡಿದೆ. ತಿಂಗಳ ಇಂಜೆಕ್ಷನ್‌ಗೆ ಬರದೆ ಉಳಿದವರನ್ನು ಹುಡುಕಿಕೊಂಡು ಜೀಪಿನಲ್ಲಿ ಹಳ್ಳಿಗೆ ಹೋದೆವು. ಜೀಪಿನ ಮುಂದೆ 'ಮಾನಸಿಕ ಆರೋಗ್ಯ' ಅಂತ ದೊಡ್ಡ ಬೋರ್ಡು. ಅದನ್ನು ನೇರ ಆ ಮನೆ ಬಾಗಿಲಿಗೇ ನಿಲ್ಲಿಸಿದೆ. ಐದು ನಿಮಿಷದಲ್ಲಿ ಬೀದಿಯೇ ಸೇರಿತು. ಆ ಮನೆಯಲ್ಲಿ ಮಗಳಿಗೆ ಗಂಡು ನೋಡುತ್ತಿದ್ದರು. ಮುಂದಿನ ವಾರ ಗಂಡಿನ ಕಡೆಯವರು ಬರಲಿಲ್ಲ. ತಾಯಿ ನನ್ನ ಮುಂದೆ ಅಳಲಿಲ್ಲ, ಬೈಯಲೂ ಇಲ್ಲ. 'ನೀವು ಒಳ್ಳೇದಕ್ಕೇ ಬಂದ್ರಿ ಬಿಡ್ರಿ ಸಿಸ್ಟರ್' ಅಂದರು. ಬೈದಿದ್ದರೆ ವಾಸಿಯಿತ್ತು.

2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ರೋಗಿಯ ವಿಷಯ ಗುಟ್ಟಾಗಿ ಉಳಿಯಬೇಕು ಅನ್ನುವ ಹಕ್ಕು ಇದೆ. ನಾನು ಅದನ್ನು ಓದಿದ್ದೆ, ಪರೀಕ್ಷೆಗೂ ಬರೆದಿದ್ದೆ. ಫೈಲು ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಆಯಿತು ಅಂದುಕೊಂಡಿದ್ದೆ. ಜೀಪೂ ಮಾತಾಡುತ್ತದೆ ಅಂತ ಹೊಳೆದಿರಲಿಲ್ಲ.

ಅಂದಿನಿಂದ ಜೀಪು ಶಾಲೆ ಹತ್ತಿರವೇ ನಿಲ್ಲುತ್ತದೆ. ಊರಿನ ಆಶಾ ಕಾರ್ಯಕರ್ತೆಯ ಜೊತೆ ನಡೆದುಕೊಂಡು ಹೋಗುತ್ತೇನೆ, ಕೈಯಲ್ಲಿ ಬಿಪಿ ಮೆಷಿನ್. ಬೀದಿಯ ಮೊದಲ ಮನೆಯಿಂದ ಶುರು ಮಾಡಿ ಎಲ್ಲರ ಬಿಪಿ ನೋಡುತ್ತೇವೆ. ನನಗೆ ಬೇಕಾದ ಮನೆ ಆರನೆಯದೋ ಏಳನೆಯದೋ ಆಗಿರುತ್ತದೆ. ಇದು ನಾಟಕ ಅಲ್ವಾ ಅಂತ ಒಬ್ಬ ಸಹೋದ್ಯೋಗಿ ಕೇಳಿದರು. ಅಲ್ಲ. ಆ ಬೀದಿಗಳಲ್ಲಿ ಬಿಪಿ ಇದ್ದೂ ಗೊತ್ತಿಲ್ಲದವರು ಪ್ರತಿ ಸಲ ಸಿಗುತ್ತಾರೆ. ಅವರ ಹೆಸರೂ ಬರೆದುಕೊಂಡೇ ಬರುತ್ತೇನೆ.

ಇನ್ನು ಎರಡನೇ ತರಬೇತಿಯ ವಿಷಯ. 2018ರಲ್ಲಿ ಶುರುವಾದ ನಿಮ್ಹಾನ್ಸ್ ಡಿಜಿಟಲ್ ಅಕಾಡೆಮಿಯ ಮೂಲಕ ಸಮುದಾಯ ಮಾನಸಿಕ ಆರೋಗ್ಯದ ಆನ್‌ಲೈನ್ ತರಗತಿಗಳಿಗೆ ಸೇರಿದೆ. ನಮ್ಮ ಕಚೇರಿಯಲ್ಲಿ ಸಿಗ್ನಲ್ ಸಿಗೋದು ಔಷಧಿ ಉಗ್ರಾಣದ ಕಿಟಕಿ ಹತ್ತಿರ ಮಾತ್ರ. ರಟ್ಟಿನ ಪೆಟ್ಟಿಗೆಗಳ ಮೇಲೆ ಫೋನ್ ಒರಗಿಸಿಕೊಂಡು ಕೂರುತ್ತಿದ್ದೆ. ಪಾಠ ಪರವಾಗಿಲ್ಲ, ಪುಸ್ತಕದಲ್ಲೂ ಸಿಗುತ್ತದೆ. ಆದರೆ ನಮ್ಮದೇ ಒಬ್ಬ ರೋಗಿಯ ವಿಷಯ ಹೆಸರು ಹೇಳದೆ ಮುಂದಿಡಬೇಕಿತ್ತು. ಬೇರೆ ಬೇರೆ ಕಡೆಯವರು, ತಜ್ಞರು ಪ್ರಶ್ನೆ ಕೇಳುತ್ತಿದ್ದರು. ನಿಜವಾದ ತರಬೇತಿ ಅದು.

ನಾನು ಮುಂದಿಟ್ಟದ್ದು ಆ ಹೆಣ್ಣುಮಗಳ ವಿಷಯವನ್ನೇ. (ಇಲ್ಲಿ ಬರುವ ಎಲ್ಲರ ವಿವರವನ್ನೂ ಗುರುತು ಸಿಗದ ಹಾಗೆ ಬದಲಿಸಿದ್ದೇನೆ.) ಮೂವತ್ತರ ಆಸುಪಾಸು, ಸ್ಕಿಜೋಫ್ರೇನಿಯಾ, ಔಷಧಿಯಿಂದ ಗುಣ ಕಂಡಿತ್ತು. ಆದರೆ ಎರಡು ತಿಂಗಳಿಗೊಮ್ಮೆ ಮಾತ್ರೆ ಬಿಡುತ್ತಾಳೆ. 'ಕಾಯಿಲೆಯ ಅರಿವಿಲ್ಲ' ಅಂತ ನಾನು ಬರೆದಿದ್ದೆ. ಒಬ್ಬ ಹಿರಿಯ ನರ್ಸ್ ಕೇಳಿದರು: 'ಆ ಮನೇಲಿ ಅಡುಗೆ ಯಾರು ಮಾಡ್ತಾರಮ್ಮ?' ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಎಷ್ಟು ಮಿಲಿಗ್ರಾಂ ನುಂಗುತ್ತಾಳೆ ಗೊತ್ತು, ಅವಳ ದಿನ ಹೇಗೆ ಕಳೆಯುತ್ತದೆ ಗೊತ್ತಿಲ್ಲ.

ಮುಂದಿನ ವಾರ ಸಂಜೆ ಏಳರ ಹೊತ್ತಿಗೆ ಹೋದೆ. ಅವಳು ಮುದ್ದೆ ಮಾಡುತ್ತಿದ್ದಳು. ಕೋಲು ಹಿಡಿದ ಕೈ ತಿರುಗುತ್ತಲೇ ಇಲ್ಲ. ಎರಡು ಸುತ್ತು ತಿರುವುತ್ತಾಳೆ, ನಿಲ್ಲುತ್ತಾಳೆ. ಹಿಟ್ಟು ಗಂಟುಗಂಟಾಗಿತ್ತು. ಅತ್ತೆ ಪಕ್ಕದಲ್ಲೇ ಕೂತು 'ನೋಡ್ರಿ, ಮಾತ್ರೆ ತಗಂಡ್ರೆ ಹಿಂಗೆ ಸೋಮಾರಿ ಆಗ್ತಾಳೆ' ಅಂದರು. ಆ ಮನೆಯಲ್ಲಿ ಮುದ್ದೆ ಗಂಟಾದರೆ ಊಟವೇ ಕೆಟ್ಟ ಹಾಗೆ. ಮಾತ್ರೆ ಬಿಟ್ಟರೆ ಕೈ ಸಡಿಲ, ಮುದ್ದೆ ನುಣುಪು, ಮನೆಯಲ್ಲಿ ಬೈಗುಳವಿಲ್ಲ. ಆಮೇಲೆ ಕಿವಿಯಲ್ಲಿ ಧ್ವನಿಗಳು ಶುರು. ಅವಳು ಲೆಕ್ಕ ಹಾಕಿಯೇ ಬಿಡುತ್ತಿದ್ದಳು. ಅರಿವಿಲ್ಲದ್ದು ನನಗೆ.

ಮಂಗಳವಾರ ಡಾಕ್ಟರಿಗೆ ಹೇಳಿದೆ. ಔಷಧಿಯ ಪ್ರಮಾಣ ಇಳಿಸಿದರು, ಬಿಗಿತಕ್ಕೆ ಟ್ರೈಹೆಕ್ಸಿಫೆನಿಡಿಲ್ ಕೊಟ್ಟರು. ಅದನ್ನು ಸುಮ್ನೆ ವರ್ಷಗಟ್ಟಲೆ ಮುಂದುವರಿಸುವಂತಿಲ್ಲ, ಬಾಯಿ ಒಣಗುತ್ತದೆ, ಮಲಬದ್ಧತೆ ಬೇರೆ. ಹಾಗಾಗಿ ಆ ಮಾತ್ರೆ ಬಿಡಿಸುವ ತಾರೀಖನ್ನೂ ಬರೆದಿಟ್ಟೆ. ಅತ್ತೆಯ ಜೊತೆ ಕೂತು ಮಾತಾಡಲು ಮಾತ್ರೆಗಿಂತ ಜಾಸ್ತಿ ದಿನ ಹಿಡಿಯಿತು. 'ಅಜ್ಜಿ, ಅದು ಸೋಮಾರಿತನ ಅಲ್ಲ, ಮಾತ್ರೆಯ ತೊಂದರೆ' ಅನ್ನುವ ಮಾತನ್ನು ಮೂರು ಸಲ ಹೋಗಿ ಹೇಳಿದೆ. ನಾಲ್ಕನೇ ಸಲ ಅಜ್ಜಿಯೇ ಪಕ್ಕದ ಮನೆಯವರಿಗೆ ಅದನ್ನು ಹೇಳುತ್ತಿದ್ದರು, ನನ್ನದೇ ಧಾಟಿಯಲ್ಲಿ!

ಈಗ ಯಾರ ಮನೆಗೆ ಹೋದರೂ ಸಾಧ್ಯವಾದಷ್ಟು ಅಡುಗೆ ಹೊತ್ತಿಗೇ ಹೋಗುತ್ತೇನೆ. ಶೇಂಗಾ ಬಿಡಿಸುವ ಕಾಲದಲ್ಲಿ ಅವರ ಜೊತೆ ನಾನೂ ಕೂತು ಬಿಡಿಸುತ್ತೇನೆ. ಬೆರಳು ಹೇಗೆ ಓಡುತ್ತವೆ ಅಂತ ಕಾಣುತ್ತದೆ.

ಸಮಗ್ರ ಆರೈಕೆ ಅನ್ನುವ ಪದ ತರಬೇತಿಯಲ್ಲಿ ನೂರು ಸಲ ಬಂತು. ನಮ್ಮ ಆಸ್ಪತ್ರೆಯಲ್ಲಿ ಅದರ ಅರ್ಥ ಎರಡು ಕ್ಯೂ ಒಂದಾಗುವುದು. ಒಲಂಜಪಿನ್ ಅನ್ನುವ ಮನೋರೋಗದ ಮಾತ್ರೆ ನುಂಗುವವರಿಗೆ ತೂಕ ಏರುತ್ತದೆ, ಸಕ್ಕರೆ ಏರಬಹುದು. ಸಕ್ಕರೆ ನೋಡುವ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್ ಅದೇ ಕಟ್ಟಡದ ಇನ್ನೊಂದು ತುದಿಯಲ್ಲಿತ್ತು. ಬೇರೆ ಚೀಟಿ, ಬೇರೆ ಕ್ಯೂ. ನಮ್ಮವರು ಒಂದು ಕ್ಯೂನಲ್ಲಿ ನಿಲ್ಲುವುದೇ ಕಷ್ಟ, ಇನ್ನು ಎರಡನೆಯದಕ್ಕೆ ಯಾರು ಹೋಗುತ್ತಾರೆ? ಎನ್‌ಸಿಡಿಯ ಸಿಸ್ಟರ್‌ಗೆ ಮೊದಲು ಇಷ್ಟವಿರಲಿಲ್ಲ. 'ನಿಮ್ಮ ಪೇಷಂಟ್‌ಗಳು ಗಲಾಟೆ ಮಾಡಿದ್ರೆ?' ಅಂದರು. ಒಂದು ಮಂಗಳವಾರ ಬಂದು ನೋಡಿ ಅಂದೆ. ಬಂದರು. ಅವತ್ತು ಗಲಾಟೆ ಮಾಡಿದ್ದು ಒಬ್ಬರ ಜೊತೆ ಬಂದ ಭಾವ ಮಾತ್ರ, ಟೋಕನ್ ವಿಷಯಕ್ಕೆ. ಈಗ ಅವರ ಟೇಬಲ್ ನನ್ನ ಟೇಬಲ್ ಪಕ್ಕ. ತೂಕ, ಸೊಂಟದಳತೆ, ಬಿಪಿ, ಸಕ್ಕರೆ, ಆಮೇಲೆ ಡಾಕ್ಟರ್. ಎಲ್ಲ ಒಂದೇ ಚೀಟಿಯಲ್ಲಿ. ಇದಕ್ಕೆ ಯಾವ ಆದೇಶವೂ ಬೇಕಾಗಲಿಲ್ಲ, ಟೇಬಲ್ ಎಳೆಯಲು ಇಬ್ಬರು ಡಿ ಗ್ರೂಪ್‌ನವರು ಬೇಕಾದರು.

ಆಶಾಗಳಿಗೆ ನಾನೇ ತರಬೇತಿ ಕೊಡಬೇಕಾಗಿ ಬಂದಾಗ ಮೊದಲ ಸಲ ಕಾಯಿಲೆಗಳ ಹೆಸರು ಬೋರ್ಡಿನ ಮೇಲೆ ಬರೆದೆ. ಅರ್ಧ ಜನ ಆಕಳಿಸಿದರು. ಎರಡನೇ ಸಲ ಬರೀ ಪ್ರಶ್ನೆ ಕೇಳಿದೆ: ನಿಮ್ಮ ಸಾವಿರ ಜನರಲ್ಲಿ ಆರು ತಿಂಗಳಿಂದ ಮನೆ ಬಿಟ್ಟು ಹೊರಗೆ ಬರದವರು ಯಾರು? ಒಬ್ಬರೇ ಮಾತಾಡಿಕೊಳ್ಳುವವರು? ಸ್ನಾನ ಬಿಟ್ಟವರು? 'ಬದುಕೇ ಬೇಡ' ಅಂದವರು? ಒಬ್ಬೊಬ್ಬರ ಹತ್ತಿರವೂ ಹೆಸರುಗಳಿದ್ದವು. ಕೊನೆಗೆ ಒಬ್ಬರು ಎದ್ದು, 'ಮೇಡಂ, ನಮಗೇ ನಿದ್ದೆ ಬರಲ್ಲ ಅಂದ್ರೆ ಯಾರಿಗೆ ಹೇಳಾಣ?' ಅಂದರು. ಆ ಪ್ರಶ್ನೆಗೆ ನಾನು ತಯಾರಿರಲಿಲ್ಲ. ಸಭೆ ಮುಗಿದ ಮೇಲೆ ಅವರನ್ನು ಉಳಿಸಿಕೊಂಡು ಮಾತಾಡಿದೆ. ಈಗಾದರೆ 14416 ಇದೆ, 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮನಸ್ ಸಹಾಯವಾಣಿ. ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ. ಆಶಾಗಳ ಫೋನಿನಲ್ಲಿ ಈ ನಂಬರ್ ಮೊದಲು ಅವರಿಗಾಗಿಯೇ ಹಾಕಿಸುತ್ತೇನೆ.

ಇನ್ನೂ ನನ್ನ ಕೈಗೆ ಪೂರ್ತಿ ಸಿಗದ ಒಬ್ಬ ಇದ್ದಾನೆ. ಕುರಿ ಕಾಯುವವನು, ಬೈಪೋಲಾರ್ ಕಾಯಿಲೆ (ಒಮ್ಮೆ ಅತಿ ಉತ್ಸಾಹ, ಒಮ್ಮೆ ಖಿನ್ನತೆ), ಅದಕ್ಕೆ ಲಿಥಿಯಂ ಮಾತ್ರೆ. ಒಂದು ಏಪ್ರಿಲ್‌ನಲ್ಲಿ ಅವನು ತೂರಾಡುತ್ತಿದ್ದಾನೆ, ಕೈ ನಡುಗುತ್ತಿದೆ, ಭೇದಿ ಬೇರೆ ಅಂತ ಫೋನ್ ಬಂತು. ಊರವರು 'ಕುಡಿದಿದ್ದಾನೆ' ಅಂತ ಜಗಲಿ ಮೇಲೆ ಮಲಗಿಸಿದ್ದರು. ಬಿಸಿಲಲ್ಲಿ ದಿನವಿಡೀ ನಡೆದು ಮೈಯ ನೀರು ಬತ್ತಿತ್ತು. ಕಾಲು ನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಗೊಂಡು ನುಂಗಿದ್ದ. ಎರಡೂ ಸೇರಿ ರಕ್ತದಲ್ಲಿ ಲಿಥಿಯಂ ಏರಿತ್ತು. ಇರಬೇಕಾದ್ದು 1ರ ಆಸುಪಾಸು, ಅವನದು 1.8. ಜಿಲ್ಲಾ ಆಸ್ಪತ್ರೆಗೆ ಸೇರಿಸಿದೆವು, ಉಳಿದುಕೊಂಡ. ಅಂದಿನಿಂದ ಬಿಸಿಲು ಕಾಲ ಬರುವ ಮುಂಚೆಯೇ ಲಿಥಿಯಂನವರಿಗೆಲ್ಲ ಫೋನ್ ಮಾಡುತ್ತೇನೆ. ನೀರು ಜಾಸ್ತಿ ಕುಡಿಯಿರಿ, ಉಪ್ಪು ಬಿಡಬೇಡಿ, ಕೇಳದೆ ನೋವಿನ ಮಾತ್ರೆ ನುಂಗಬೇಡಿ, ಭೇದಿಯಾದರೆ ತಕ್ಷಣ ತಿಳಿಸಿ.

ಆದರೆ ಅವನು ಊರಲ್ಲಿ ನಿಲ್ಲುವವನಲ್ಲ. ಕೊಯ್ಲು ಮುಗಿದರೆ ಗೊಬ್ಬರಕ್ಕೆ ಮಂದೆ ನಿಲ್ಲಿಸಲು ದಾವಣಗೆರೆ ಕಡೆ ಗದ್ದೆಗಳಿಗೆ ಹೊರಡುತ್ತಾನೆ. ಎರಡು ತಿಂಗಳ ಮಾತ್ರೆ ಒಟ್ಟಿಗೆ ಕೊಡಲು ಭಯ, ಕೊಡದಿದ್ದರೆ ತಪ್ಪುತ್ತದೆ. ಈಗ ಅವನ ಹೆಂಡತಿಯ ಕೈಗೆ ಹದಿನೈದು ದಿನದ್ದು ಕೊಟ್ಟು, ಉಳಿದದ್ದನ್ನು ಆ ಕಡೆ ಹೋಗಿಬರುವ ಅವನ ತಮ್ಮನ ಮೂಲಕ ಕಳಿಸುತ್ತಿದ್ದೇನೆ.

ಮೊನ್ನೆ ಫೋನ್ ಮಾಡಿದ್ದ. 'ಅಕ್ಕ, ಹರಿಹರದ ಹತ್ರ ಅದೀನಿ. ರಕ್ತ ಎಲ್ಲಿ ಕೊಡ್ಲಿ?' ರಕ್ತದಲ್ಲಿ ಲಿಥಿಯಂ ಎಷ್ಟಿದೆ ಅಂತ ನೋಡಿಸಲು ದಾವಣಗೆರೆಯ ಒಂದು ಲ್ಯಾಬ್ ವಿಚಾರಿಸಿಟ್ಟಿದ್ದೆ. ರಾತ್ರಿ ಎಂಟಕ್ಕೆ ಮಾತ್ರೆ ನುಂಗು, ಬೆಳಿಗ್ಗೆದ್ದು ನುಂಗಬೇಡ, ಎಂಟಕ್ಕೆ ರಕ್ತ ಕೊಟ್ಟು ಆಮೇಲೆ ನುಂಗು, ನಡುವೆ ಹನ್ನೆರಡು ಗಂಟೆ ಇರಬೇಕು ಅಂದೆ. 'ಆಗ್ಲಿ' ಅಂದ. 'ಇಬ್ಬನಿ ಆರೋ ತನಕ ಕುರಿ ಬಿಡಲ್ಲ. ಅಷ್ಟೊತ್ತಿಗೆ ಬಂದುಬಿಡ್ತೀನಿ.'