ಚೀಲದಲ್ಲಿರೋದೆಲ್ಲ ಮೇಜಿನ ಮೇಲೆ ಸುರೀರಿ

ನಾನು ಕ್ಯಾನ್ಸರ್ ವಿಭಾಗದಲ್ಲಿ ಫಾರ್ಮಸಿಸ್ಟ್. ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ತಗೊಳ್ಳುತ್ತಿರುವವರ ಮಾತ್ರೆಗಳು ಒಂದಕ್ಕೊಂದು ಜಗಳ ಆಡುತ್ತಿವೆಯಾ ಅಂತ ನೋಡುವುದು ನನ್ನ ಕೆಲಸ. ಮೊದಲೆಲ್ಲ "ಬೇರೆ ಯಾವುದಾದರೂ ಔಷಧಿ ತಗೋತೀರಾ?" ಅಂತ ಕೇಳುತ್ತಿದ್ದೆ. "ಇಲ್ಲ ಮೇಡಂ" ಅನ್ನುತ್ತಿದ್ದರು. ಫೈಲಲ್ಲಿ ಹಾಗೇ ಬರೆದು ಮುಂದಿನವರನ್ನು ಕರೆಯುತ್ತಿದ್ದೆ. ಅವರೇನೂ ಸುಳ್ಳು ಹೇಳುತ್ತಿರಲಿಲ್ಲ. ಹತ್ತು ವರ್ಷದಿಂದ ಬೆಳಗ್ಗೆ ಎದ್ದ ಕೂಡಲೇ ನುಂಗುವ ಥೈರಾಯ್ಡ್ ಮಾತ್ರೆ ಅವರ ಲೆಕ್ಕಕ್ಕೆ ಔಷಧಿಯೇ ಅಲ್ಲ, ಹಲ್ಲುಜ್ಜಿದ ಹಾಗೆ ಅದೂ ಒಂದು ಅಭ್ಯಾಸ.

ಹಾಗೆ ಕೇಳುವುದನ್ನು ಬಿಟ್ಟಿದ್ದು ಅರಸೀಕೆರೆ ಕಡೆಯ ಒಬ್ಬ ಅಮ್ಮನಿಂದ. ಸ್ತನ ಕ್ಯಾನ್ಸರ್ ತಿರುಗಿ ಬರದ ಹಾಗೆ ಕೊಡುವ ಟ್ಯಾಮಾಕ್ಸಿಫೆನ್ ಮಾತ್ರೆ, 20 ಮಿಲಿಗ್ರಾಂ, ದಿನಕ್ಕೊಂದು, ಎರಡನೇ ವರ್ಷ ನಡೀತಿತ್ತು. ಅವರೂ ಬೇರೆ ಏನೂ ಇಲ್ಲ ಅಂದರು. ಆಮೇಲೆ ಕನ್ನಡಕ ಹುಡುಕಲು ಸೀರೆ ಅಂಗಡಿಯ ಕವರಿಗೆ ಕೈ ಹಾಕಿದರು, ಕವರ್ ಮಗುಚಿಕೊಂಡು ಎಲ್ಲಾ ಮೇಜಿನ ಮೇಲೆ ಬಿತ್ತು. ಬಿಪಿ ಮಾತ್ರೆ, ಗ್ಯಾಸಿನ ಮಾತ್ರೆ, ಒಂದು ವೀಳ್ಯದೆಲೆ ಪೊಟ್ಟಣ, ಜೊತೆಗೆ ಮೂರೇ ಕ್ಯಾಪ್ಸೂಲ್ ಉಳಿದಿದ್ದ ಒಂದು ಸ್ಟ್ರಿಪ್. ಮೆಡಿಕಲ್ ಅಂಗಡಿಯವರು ಕತ್ತರಿಸಿ ಕೊಟ್ಟಿದ್ದರಿಂದ ಹೆಸರು ಅರ್ಧ ಹೋಗಿತ್ತು. ಬೆಳ್ಳಿ ಹಾಳೆಯ ಮೇಲೆ "ಕ್ಸೆಟಿನ್ 20" ಅಂತಷ್ಟೇ ಉಳಿದಿತ್ತು. ಫ್ಲೂಯೊಕ್ಸೆಟಿನ್ ಇರಬೇಕು, ಇಲ್ಲಾ ಪ್ಯಾರೊಕ್ಸೆಟಿನ್, ಎರಡೂ ಖಿನ್ನತೆಗೆ ಕೊಡುವಂಥವು. ಎರಡರಲ್ಲಿ ಯಾವುದಾದರೂ ನನಗೆ ತಲೆನೋವೇ.

"ಇದೇನಮ್ಮಾ?"

"ಅಯ್ಯೋ ಅದಾ, ಮೈ ಉರಿಗೆ. ರಾತ್ರಿ ಇದ್ದಕ್ಕಿದ್ದ ಹಾಗೆ ಮೈಯೆಲ್ಲ ಕಾದು ಬೆವರು ಕಿತ್ಕೊಂಡು ಬರುತ್ತೆ, ನಿದ್ದೆ ಇಲ್ಲ. ನಮ್ಮೂರ ಡಾಕ್ಟ್ರು ಕೊಟ್ರು."

ಆ ಉರಿ ಬಂದಿದ್ದು ಟ್ಯಾಮಾಕ್ಸಿಫೆನ್‌ನಿಂದಲೇ. ಅದನ್ನು ತಣಿಸಲು ಕೊಟ್ಟ ಕ್ಯಾಪ್ಸೂಲು ಟ್ಯಾಮಾಕ್ಸಿಫೆನ್‌ನ ಕಾಲನ್ನೇ ಕಟ್ಟಿಹಾಕುತ್ತದೆ. ಯಾಕೆ ಅಂದರೆ ನಾವು ನುಂಗುವ ಟ್ಯಾಮಾಕ್ಸಿಫೆನ್ ಹಾಗೇ ಹೆಚ್ಚು ಕೆಲಸ ಮಾಡುವುದಿಲ್ಲ, ಲಿವರ್ ಅದನ್ನು ಎಂಡಾಕ್ಸಿಫೆನ್ ಅಂತ ಮಾಡಿಕೊಡಬೇಕು, ಆಮೇಲೇ ಅದಕ್ಕೆ ನಿಜವಾದ ಬಲ. ಹಾಗೆ ಮಾಡಿಕೊಡುವ ಮುಖ್ಯ ಕಿಣ್ವದ ಹೆಸರು ಸಿವೈಪಿ2ಡಿ6. ಫ್ಲೂಯೊಕ್ಸೆಟಿನ್, ಪ್ಯಾರೊಕ್ಸೆಟಿನ್, ಬ್ಯುಪ್ರೊಪಿಯಾನ್ ಇವೆಲ್ಲ ಅದೇ ಕಿಣ್ವವನ್ನು ಅಡ್ಡಗಟ್ಟುತ್ತವೆ. ಕೆನಡಾದ ಒಂಟಾರಿಯೊದಲ್ಲಿ ಟ್ಯಾಮಾಕ್ಸಿಫೆನ್ ತಗೊಳ್ಳುತ್ತಿದ್ದ ಹೆಂಗಸರ ಮೇಲೆ ನಡೆದ, 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪ್ಯಾರೊಕ್ಸೆಟಿನ್ ಜೊತೆಗೆ ತಗೊಂಡ ಅವಧಿ ಹೆಚ್ಚಾದಷ್ಟೂ ಸ್ತನ ಕ್ಯಾನ್ಸರ್‌ನಿಂದ ಸಾಯುವ ಅಪಾಯ ಜಾಸ್ತಿ ಕಂಡಿತ್ತು. ಬೇರೆ ಕೆಲವು ಅಧ್ಯಯನಗಳಲ್ಲಿ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ, ವಾದ ಇನ್ನೂ ಇದೆ. ಆದರೆ ಬದಲಿಗೆ ವೆನ್ಲಾಫ್ಯಾಕ್ಸಿನ್ ಅನ್ನುವ ಇನ್ನೊಂದು ಮಾತ್ರೆ ಇರುವಾಗ, ಅದು ಈ ಕಿಣ್ವದ ತಂಟೆಗೆ ಅಷ್ಟಾಗಿ ಹೋಗದೆ ಮೈ ಉರಿಯನ್ನೂ ಕಡಿಮೆ ಮಾಡುವಾಗ, ಸುಮ್ನೆ ಯಾಕೆ ರಿಸ್ಕ್ ತಗೋಬೇಕು ಅಲ್ವಾ?

ಇಲ್ಲಿ ನಾನೊಂದು ತಪ್ಪು ಮಾಡಿದೆ. ಕಂಡುಹಿಡಿದ ಉತ್ಸಾಹದಲ್ಲಿ "ಆ ಮಾತ್ರೆ ನಿಲ್ಲಿಸಿಬಿಡಿ ಅಮ್ಮಾ, ಡಾಕ್ಟ್ರಿಗೆ ನಾನು ಹೇಳ್ತೀನಿ" ಅಂದೆ. ಮೂರು ವಾರ ಬಿಟ್ಟು ಬಂದಾಗ ನೋಡಿದರೆ ಅವರು ಕ್ಯಾಪ್ಸೂಲಿನ ಜೊತೆ ಟ್ಯಾಮಾಕ್ಸಿಫೆನ್ನನ್ನೂ ಬಿಟ್ಟಿದ್ದರು. "ನೀವೇ ಅಲ್ವಾ ಮೇಡಂ, ಎರಡೂ ಕೂಡಲ್ಲ ಅಂದಿದ್ದು?" ಬೈಯಬೇಕಾಗಿದ್ದು ನನ್ನನ್ನೇ. ಅದಲ್ಲದೆ ಇಂಥ ಮಾತ್ರೆಗಳನ್ನು, ಅದರಲ್ಲೂ ಪ್ಯಾರೊಕ್ಸೆಟಿನ್ ಆದರೆ, ದಿಢೀರಂತ ಬಿಡುವ ಹಾಗೂ ಇಲ್ಲ. ಅವತ್ತಿಂದ ನಾನು ಯಾರಿಗೂ ನಿಲ್ಲಿಸಿ ಅನ್ನುವುದಿಲ್ಲ. ಅಲ್ಲೇ ಕೂರಿಸಿಕೊಂಡು ಡಾಕ್ಟರಿಗೆ ಫೋನ್ ಮಾಡುತ್ತೇನೆ, ಬದಲಾದ ಮಾತ್ರೆಯನ್ನು ಕೈಗೆ ಕೊಟ್ಟು, ಯಾವುದು ಬಿಡಬೇಕು ಯಾವುದು ಬಿಡಬಾರದು ಅಂತ ಅವರ ಬಾಯಲ್ಲೇ ಹೇಳಿಸುತ್ತೇನೆ.

ಈಗ ನನ್ನ ಮೊದಲ ಮಾತೇ "ಚೀಲದಲ್ಲಿರೋದೆಲ್ಲ ಸುರೀರಿ". ಮರೆತು ಬಂದವರಿಗೆ ಮನೆಯಲ್ಲಿರುವ ಮಗಳಿಗೋ ಸೊಸೆಗೋ ಫೋನ್ ಮಾಡಿಸಿ ಫೋಟೋ ತರಿಸುತ್ತೇನೆ. ಫ್ರಿಜ್ ಮೇಲಿನ ಡಬ್ಬಿ, ದೇವರ ಮನೆ ಗೂಡು, ಎರಡೂ.

ಆದರೆ ಚೀಲಕ್ಕೆ ಬಾರದ ಮಾತ್ರೆಗಳೂ ಇರುತ್ತವೆ. ಗಜಕರ್ಣದ ಮಾತ್ರೆ ಅಂಥದ್ದು. ತೊಡೆ ಸಂದಿಯಲ್ಲಿ ಆಗಿರುತ್ತದೆ, ಹೇಳಿಕೊಳ್ಳಲು ನಾಚಿಕೆ, ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ಅದರಲ್ಲಿ ಟರ್ಬಿನಾಫಿನ್ ಇದ್ದರೆ ಮತ್ತೆ ಅದೇ 2ಡಿ6 ಗಲಾಟೆ, ಮಾತ್ರೆ ಮುಗಿದು ವಾರಗಳಾದರೂ ಅದರ ಪರಿಣಾಮ ಉಳಿದಿರುತ್ತದೆ. ಇಟ್ರಾಕೊನಜೋಲ್ ಆದರೆ ತೊಂದರೆ ಬೇರೆ. ಅದು 3ಎ4 ಅನ್ನುವ ಇನ್ನೊಂದು ಕಿಣ್ವವನ್ನು ತಡೆಯುತ್ತದೆ, ಸ್ತನ ಕ್ಯಾನ್ಸರ್ ಮಾತ್ರೆಗಳಾದ ಪಾಲ್ಬೊಸಿಕ್ಲಿಬ್ ಮತ್ತು ರೈಬೊಸಿಕ್ಲಿಬ್ ಮೈಯಿಂದ ಹೊರಹೋಗುವ ದಾರಿ ಅದೇ. ದಾರಿ ಮುಚ್ಚಿದರೆ ಔಷಧಿ ರಕ್ತದಲ್ಲೇ ತುಂಬಿಕೊಳ್ಳುತ್ತದೆ, ಬಿಳಿ ರಕ್ತಕಣ ಇಳಿಯುತ್ತದೆ. ರೈಬೊಸಿಕ್ಲಿಬ್ ಆದರೆ ಇಸಿಜಿಯಲ್ಲಿ ಕ್ಯೂಟಿ ಅನ್ನುವ ಅಂತರ ಉದ್ದವಾಗಿ ಹೃದಯದ ಬಡಿತ ತಪ್ಪುವ ಭಯ ಬೇರೆ. ಬೇರೆ ದಾರಿಯೇ ಇಲ್ಲದಿದ್ದರೆ ಡಾಕ್ಟರು ರೈಬೊಸಿಕ್ಲಿಬ್ ಪ್ರಮಾಣವನ್ನು 600 ಮಿಲಿಗ್ರಾಂನಿಂದ 400ಕ್ಕೆ ಇಳಿಸುತ್ತಾರೆ, ಆದರೆ ಅದಕ್ಕೆ ಗೊತ್ತಾಗಬೇಕಲ್ಲ! ಹಾಗಾಗಿ ಗಂಡಸರನ್ನು ಹೊರಗೆ ಕಳಿಸಿ, ಮೆಲ್ಲಗೆ "ತುರಿಕೆ ಏನಾದ್ರೂ ಇದೆಯಾ ಅಕ್ಕ?" ಅಂತ ಕೇಳುತ್ತೇನೆ. ಚಕ್ಕೋತ ಹಣ್ಣನ್ನೂ ಸದ್ಯಕ್ಕೆ ಬಿಡಿ ಅನ್ನುತ್ತೇನೆ, ಅದಕ್ಕೂ 3ಎ4 ಮೇಲೇ ಕಣ್ಣು.

ನನಗೆ ಹೆಚ್ಚು ಭಯ ಹೃದಯದ ಕವಾಟ ಬದಲಾಯಿಸಿಕೊಂಡವರ ಬಗ್ಗೆ. ಅವರು ರಕ್ತ ತೆಳುವಾಗಲು ಅಸಿಟ್ರಾಮ್ ಅಥವಾ ವಾರ್ಫರಿನ್ ತಗೊಳ್ಳುತ್ತಿರುತ್ತಾರೆ. ಅದರ ಜೊತೆ ಕ್ಯಾಪೆಸಿಟಬಿನ್ ಅನ್ನುವ ಕೀಮೋ ಮಾತ್ರೆ ಸೇರಿದರೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತೋರಿಸುವ ಐಎನ್‌ಆರ್ ಜಿಗಿದು ರಕ್ತಸ್ರಾವ ಆಗಬಹುದು, ಶುರು ಮಾಡಿ ಕೆಲವೇ ದಿನಕ್ಕೂ ಆಗಬಹುದು, ತಿಂಗಳುಗಟ್ಟಲೆ ಆದ ಮೇಲೂ ಆಗಬಹುದು. ವಾರ್ಫರಿನ್ ಜೊತೆ ಟ್ಯಾಮಾಕ್ಸಿಫೆನ್ ಕೂಡ ಇದೇ ಕಾಟ ಕೊಡುತ್ತದೆ. ಇಂಥವರ ಫೈಲಿನ ಮೇಲೆ ಕೆಂಪು ಪೆನ್ನಲ್ಲಿ ದೊಡ್ಡದಾಗಿ ಬರೆಯುತ್ತೇನೆ, ವಸಡಲ್ಲಿ ರಕ್ತ ಕಂಡರೂ ಕಾಯದೆ ಬನ್ನಿ ಅನ್ನುತ್ತೇನೆ.

ಇನ್ನು ಚಿಕ್ಕದು ಅನ್ನಿಸುವ ಒಂದು. ಸ್ತನ ಕ್ಯಾನ್ಸರ್‌ಗೇ ಕೊಡುವ ಲೆಟ್ರೊಜೋಲ್ ಮಾತ್ರೆ ಮೂಳೆ ಸವೆಸುತ್ತದೆ ಅಂತ ಕ್ಯಾಲ್ಸಿಯಂ ಕೊಡುತ್ತಾರೆ. ಮರೆತುಹೋಗುತ್ತೆ ಅಂತ ಅದನ್ನು ಬೆಳಗ್ಗೆ ಥೈರಾಯ್ಡ್ ಮಾತ್ರೆ ಜೊತೆಗೇ ನುಂಗುತ್ತಾರೆ. ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಥೈರಾಯ್ಡ್ ಮಾತ್ರೆಯನ್ನು ಹಿಡಿದುಕೊಳ್ಳುತ್ತದೆ, ಥೈರಾಯ್ಡ್ ಸಾಲುತ್ತಿಲ್ಲ ಅಂತ ತೋರಿಸುವ ಟಿಎಸ್‌ಎಚ್ ಏರುತ್ತದೆ, ಸುಸ್ತು ಸುಸ್ತು ಅಂತ ಬರುತ್ತಾರೆ, ಮನೆಯವರೆಲ್ಲ ಕ್ಯಾನ್ಸರ್ ತಿರುಗಿ ಬಂತೇನೋ ಅಂತ ಹೆದರಿ ಕೂತಿರುತ್ತಾರೆ. ಎರಡರ ನಡುವೆ ನಾಲ್ಕು ಗಂಟೆ ಬಿಡಿ. ಕ್ಯಾಲ್ಸಿಯಂ ಮಧ್ಯಾಹ್ನದ ಊಟದ ಜೊತೆ ಹೋಗಲಿ.

ಅರಸೀಕೆರೆಯ ಅಮ್ಮ ಈಗ ವೆನ್ಲಾಫ್ಯಾಕ್ಸಿನ್ ಮೇಲೆ ಇದ್ದಾರೆ, ರಾತ್ರಿ ಎರಡು ಸಲ ಏಳುವುದು ಒಂದಕ್ಕಿಳಿದಿದೆಯಂತೆ. ಹೋದ ತಿಂಗಳು ಕೆಮ್ಮಿಗೆ ಕೊಟ್ಟ ಮಾತ್ರೆಯ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿದ್ದರು, ಮೊಮ್ಮಗನ ಕೈಯಲ್ಲಿ ಟೈಪ್ ಮಾಡಿಸಿ: "ಹೆಸರಿರೋ ಕಡೆ ಕತ್ತರಿಸಬೇಡಪ್ಪ ಅಂತ ಅಂಗಡಿಯವನಿಗೆ ಹೇಳಿ ತಂದಿದೀನಿ. ನೋಡಿ ಮೇಡಂ, ತಗೋಬಹುದಾ?"