ಸೂರ್ಯ ಹುಟ್ಟುವ ಜಾಗವನ್ನು ಹಾಳೆಯಲ್ಲಿ ಗುರುತಿಸಿದಾಗ

ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ. ಮಧ್ಯಾಹ್ನ 12ಕ್ಕೆ ನೆತ್ತಿ ಮೇಲೆ ಬರುತ್ತಾನೆ. ಸಂಕ್ರಾಂತಿಗೆ ಉತ್ತರದ ಕಡೆ ತಿರುಗುತ್ತಾನೆ. ಈ ಮೂರೂ ನಮಗೆಲ್ಲ ಬಾಯಿಪಾಠ. ಬಾಯಿಪಾಠ ಆಗಿರುವುದಕ್ಕೇ ಯಾರೂ ತಲೆ ಎತ್ತಿ ನೋಡುವುದಿಲ್ಲ, ಅಲ್ವಾ? ಬೆಂಗಳೂರಿನ ನಮ್ಮ ಮನೆಯ ತಾರಸಿಯಿಂದ ನಾನು ನೋಡತೊಡಗಿದೆ.

ಪೂರ್ವದ ಬಾನಂಚಿನಲ್ಲಿ ಕಾಣುವ ನೀರಿನ ಟ್ಯಾಂಕು, ತೆಂಗಿನ ಮರ, ಮೊಬೈಲ್ ಟವರ್ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡೆ. ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲಬೇಕು, ಅದಕ್ಕೆ ನೆಲದ ಮೇಲೆ ಪೇಂಟಿನ ಗುರುತು. ಹಿಂದಿನ ರಾತ್ರಿ, 'ನಾಳೆ ಇಲ್ಲಿ ಹುಟ್ಟುತ್ತಾನೆ' ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಿದ್ದೆ. ಬೆಳಿಗ್ಗೆ ಕಂಡದ್ದನ್ನು ಪೆನ್ನಿನಲ್ಲಿ. ನನ್ನ ಮಟ್ಟಿಗೆ ಆ ಪೆನ್ಸಿಲ್ ಗುರುತೇ ಮುಖ್ಯ. ನಂಬಿದ್ದನ್ನು ಮೊದಲೇ ಬರೆದಿಡದಿದ್ದರೆ, ಕಂಡದ್ದಕ್ಕೆ ತಕ್ಕ ಹಾಗೆ ಮನಸ್ಸು ಅದನ್ನು ಸುಮ್ನೆ ತಿದ್ದಿಕೊಳ್ಳುತ್ತದೆ. 'ಇದು ನನಗೆ ಗೊತ್ತಿತ್ತು' ಅನ್ನುತ್ತದೆ. (ಸೂರ್ಯನ ಅಂಚು ಕಂಡ ಕೂಡಲೇ ಕಣ್ಣು ತೆಗೆಯಿರಿ, ದಿಟ್ಟಿಸಬೇಡಿ.)

ಸರಿಯಾಗಿ ಪೂರ್ವದಲ್ಲಿ ಹುಟ್ಟುವುದು ಮಾರ್ಚ್ 20, ಸೆಪ್ಟೆಂಬರ್ 22ರ ಸುಮಾರಿಗೆ ಮಾತ್ರ. ಜೂನ್‌ನಲ್ಲಿ ಉತ್ತರಕ್ಕೆ ಸುಮಾರು 24 ಡಿಗ್ರಿ ಸರಿದಿರುತ್ತಾನೆ, ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ಅಷ್ಟೇ. ತೋಳು ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಅಂದರೆ ಹೆಚ್ಚುಕಡಿಮೆ ಐದು ಮುಷ್ಟಿಯಷ್ಟು ಓಡಾಟ! ಇನ್ನು ನೆತ್ತಿ ಮೇಲೆ ಬರುವುದು ವರ್ಷಕ್ಕೆ ಎರಡೇ ದಿನ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ. ಅದೂ 12 ದಾಟಿದ ಮೇಲೆ.

ಜಾಸ್ತಿ ಮಾತಾದದ್ದು ಸಂಕ್ರಾಂತಿಯ ಬಗ್ಗೆ. ಗುರುತುಗಳು ದಕ್ಷಿಣಕ್ಕೆ ಸರಿಯುವುದು ಡಿಸೆಂಬರ್ 21–22ರ ಹೊತ್ತಿಗೇ ನಿಂತಿತ್ತು. ಹಬ್ಬದ ದಿನಕ್ಕೆ ಸೂರ್ಯ ಆಗಲೇ ನಾಲ್ಕು ಬಿಂಬದಷ್ಟು ಉತ್ತರಕ್ಕೆ ಬಂದಿದ್ದ. ಅಮ್ಮನಿಗೆ ಹಾಳೆ ತೋರಿಸಿದೆ.

"ಹಾಗಾದ್ರೆ ಹಬ್ಬ ಸುಳ್ಳೇನೋ?" ಅಂದರು.

ಸುಳ್ಳಲ್ಲ. ಸಂಕ್ರಾಂತಿ ಎಂದರೆ ಸೂರ್ಯ ಮಕರ ರಾಶಿಗೆ ಬರುವ ದಿನ. ಅದು ನಕ್ಷತ್ರಗಳ ಲೆಕ್ಕ. ಭೂಮಿಯ ಅಕ್ಷ ಬುಗುರಿಯ ಹಾಗೆ ಬಹಳ ನಿಧಾನವಾಗಿ ತೊನೆಯುವುದರಿಂದ ಈ ದಿನ 70 ಚಿಲ್ಲರೆ ವರ್ಷಕ್ಕೆ ಒಂದು ದಿನದಂತೆ ಮುಂದೆ ಹೋಗುತ್ತದೆ. ಸುಮಾರು 1700 ವರ್ಷಗಳ ಹಿಂದೆ ಸಂಕ್ರಾಂತಿ, ಸೂರ್ಯ ಉತ್ತರಕ್ಕೆ ತಿರುಗುವ ದಿನ ಎರಡೂ ಒಟ್ಟಿಗೇ ಬೀಳುತ್ತಿದ್ದವು. ಅಂದಿನವರು ಆಕಾಶ ನೋಡಿಯೇ ಆ ಮಾತು ಹೇಳಿದ್ದರು. ಇದನ್ನು ಕೇಳಿ ಅಮ್ಮನಿಗೆ ಖುಷಿಯಾಯಿತು. ಎಳ್ಳು ಬೆಲ್ಲವನ್ನೂ ಬಿಡಲಿಲ್ಲ, ಡಿಸೆಂಬರ್‌ನಲ್ಲಿ ತಾರಸಿಗೆ ಬರುವುದನ್ನೂ ಬಿಡಲಿಲ್ಲ.

ಈಗ ಚಂದ್ರನ ಹುಟ್ಟನ್ನು ಗುರುತಿಸುತ್ತಿದ್ದೇನೆ. ಇದು ಇನ್ನೂ ಕಷ್ಟ. ಸೂರ್ಯ ವರ್ಷವಿಡೀ ಮಾಡುವ ಓಡಾಟವನ್ನು ಚಂದ್ರ ಒಂದು ತಿಂಗಳೊಳಗೆ ಮುಗಿಸುತ್ತಾನೆ. ಮೋಡ ಇಲ್ಲದ ದಿನ ಒಂದನ್ನೂ ಬಿಡುವ ಹಾಗಿಲ್ಲ.