ಬೇಸ್‌ಮೆಂಟ್ ಗೋಡೆ ಬೆವರಿದ್ದು ಯಾಕೆ

ನಾನು ತೀರ್ಥಹಳ್ಳಿ ಕಡೆಯವನು. ಆಷಾಢ ಬಂತೆಂದರೆ ಚಪ್ಪಲಿ, ಬೆಲ್ಟು, ಪುಸ್ತಕದ ರಟ್ಟು ಎಲ್ಲಕ್ಕೂ ಬೂಷ್ಟು ಹಿಡಿಯುವ ಊರಿನಲ್ಲಿ ಬೆಳೆದವನು. ತೇವ ಅಂದರೆ ಏನು ಅಂತ ಗೊತ್ತು ಅಂದುಕೊಂಡಿದ್ದೆ. ಅಮೆರಿಕದ ಮಿಶಿಗನ್‌ನ ನಮ್ಮ ಮನೆಯ ಬೇಸ್‌ಮೆಂಟ್, ಅಂದರೆ ನೆಲದಡಿಯ ಕೋಣೆ, ಅದು ಸುಳ್ಳು ಅಂತ ತೋರಿಸಿತು.

ಮನೆ ಕೊಂಡ ಮರುವರ್ಷವೇ ಒಬ್ಬ ಗುತ್ತಿಗೆದಾರರಿಂದ ಒಂದು ಬದಿಯ ಗೋಡೆ ಮಾಡಿಸಿದೆ. ಕಾಂಕ್ರೀಟಿಗೆ ತಾಗಿದಂತೆ ಮರದ ಚೌಕಟ್ಟು, ಅದರೊಳಗೆ ಚಳಿ ತಡೆಯಲು ಹತ್ತಿಯಂಥ ಫೈಬರ್‌ಗ್ಲಾಸ್, ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡ್ರೈವಾಲ್ ಅನ್ನುವ ಜಿಪ್ಸಮ್ ಹಲಗೆ. ಎರಡನೇ ಬೇಸಿಗೆಗೆ ಮುಗ್ಗು ವಾಸನೆ ಶುರುವಾಯಿತು. ಕೆಳಗಿನ ಒಂದು ಅಡಿ ಡ್ರೈವಾಲ್ ಕತ್ತರಿಸಿ ನೋಡಿದೆ. ಪ್ಲಾಸ್ಟಿಕ್ಕಿನ ಹಿಂಬದಿಯಲ್ಲಿ ನೀರಿನ ಹನಿಗಳು ಸಾಲುಗಟ್ಟಿ ನಿಂತಿದ್ದವು. ನೆಲದ ಮೇಲಿನ ಮರದ ಪಟ್ಟಿ ಕಪ್ಪಾಗಿ, ಉಗುರು ಒತ್ತಿದರೆ ಒಳಗೆ ಇಳಿಯುತ್ತಿತ್ತು. ಕಾಂಕ್ರೀಟಿನಿಂದ ಒಳಮುಖವಾಗಿ ಬರುವ ತೇವವನ್ನು ಆ ಹಾಳೆ ಅಡ್ಡಗಟ್ಟಿತ್ತು. ಒಣಗಲು ಎಡೆಯೇ ಇರಲಿಲ್ಲ. ಮಾಸ್ಕ್ ಹಾಕಿಕೊಂಡು ಪೂರ್ತಿ ಕಿತ್ತು ಹಾಕಿದೆ.

ಆಮೇಲೆ ಒಂದು ವರ್ಷ ಬೇಸ್‌ಮೆಂಟ್ ಒಳಗೆ ಒಂದು ಮೊಳೆಯನ್ನೂ ಹೊಡೆಯಲಿಲ್ಲ, ಬರೀ ನೋಡಿದೆ. ಮೊದಲು ಸರಿಮಾಡಿದ್ದು ಹೊರಗಿನದನ್ನು. ಮಾಡಿನ ನೀರು ಇಳಿಯುವ ಪೈಪುಗಳು ಅಡಿಪಾಯದ ಬುಡದಲ್ಲೇ ಸುರಿಯುತ್ತಿದ್ದವು; ಅವನ್ನು ಆರೆಂಟು ಅಡಿ ಆಚೆಗೆ ಒಯ್ದೆ. ಮನೆಯಿಂದ 10 ಅಡಿ ದೂರಕ್ಕೆ ಹೋಗುವಷ್ಟರಲ್ಲಿ ನೆಲ 6 ಇಂಚು ತಗ್ಗಬೇಕು. ಅದಕ್ಕೆ ತಕ್ಕಂತೆ ಮಣ್ಣು ಏರಿಸಿದೆ. ಕಾಂಕ್ರೀಟ್ ನೆಲಕ್ಕೆ ಎರಡಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ ಎರಡು ದಿನ ಬಿಟ್ಟೆ. ಅಡಿಯಲ್ಲಿ ಹಬೆ ಕಟ್ಟಿತ್ತು. ನೆಲದಿಂದಲೂ ತೇವ ಏಳುತ್ತಿದೆ ಅನ್ನುವುದು ಖಾತ್ರಿಯಾಯಿತು.

ಅದೇ ಜುಲೈಯಲ್ಲಿ ಅಮ್ಮ ಬಂದಿದ್ದರು. "ಕಿಟಕಿ ತೆಗ್ದಿಡೋ ಮಾರಾಯ, ಗಾಳಿ ಆಡ್ಲಿ" ಅಂದರು. ನನಗೂ ಸರಿ ಅನ್ನಿಸಿತು, ತೆಗೆದಿಟ್ಟೆ. ಬೆಳಿಗ್ಗೆ 54 ಇದ್ದ ಆರ್ದ್ರತೆ ಮಾಪಕ ಸಂಜೆಗೆ 73 ತೋರಿಸಿತು. ಗೋಡೆಯ ಬುಡ ಮುಟ್ಟಿದರೆ ಅಂಗೈ ಒದ್ದೆ. ಫ್ರಿಜ್‌ನಿಂದ ತೆಗೆದ ಮಜ್ಜಿಗೆ ಚೊಂಬು ಬೆವರುತ್ತದಲ್ಲ, ಇದೂ ಅದೇ. ಹೊರಗೆ 31 ಡಿಗ್ರಿ ಸೆಲ್ಸಿಯಸ್, ಆರ್ದ್ರತೆ ಶೇ. 60 ಇದ್ದರೆ ಆ ಗಾಳಿ 22 ಡಿಗ್ರಿಗಿಂತ ತಣ್ಣಗಿರುವ ಯಾವುದಕ್ಕೆ ತಾಗಿದರೂ ನೀರಾಗುತ್ತದೆ. ಮಣ್ಣಿನೊಳಗಿನ ನಮ್ಮ ಗೋಡೆ ಇದ್ದದ್ದು 16ರ ಆಸುಪಾಸು. ಮಲೆನಾಡಿನ ಮನೆಗೆ ಮದ್ದಾಗಿದ್ದ ಗಾಳಿಯೇ ಇಲ್ಲಿ ನೀರು ಹೊತ್ತು ತರುತ್ತಿತ್ತು. ಹಳೆಯ ಗೋಡೆಯಲ್ಲೂ ಗಾಳಿ ಫೈಬರ್‌ಗ್ಲಾಸ್ ದಾಟಿ ಹೋಗಿ ಕಾಂಕ್ರೀಟ್ ಮೇಲೆ ಬೆವರುತ್ತಿತ್ತು ಅನ್ನುವುದು ಆಗ ಹೊಳೆಯಿತು.

ಹಾಗಾಗಿ ಹೊಸ ಗೋಡೆಯಲ್ಲಿ ನನ್ನ ಪಟ್ಟು ಒಂದೇ: ಕೋಣೆಯ ಗಾಳಿ ತಣ್ಣನೆಯ ಕಾಂಕ್ರೀಟನ್ನು ಮುಟ್ಟಕೂಡದು. ಎರಡು ಇಂಚು ದಪ್ಪದ ಎಕ್ಸ್‌ಪಿಎಸ್ ಫೋಮ್ (ಗಟ್ಟಿ ಪಾಲಿಸ್ಟೈರೀನ್) ಹಲಗೆಗಳನ್ನು ನೇರ ಕಾಂಕ್ರೀಟಿಗೇ ಅಂಟಿಸಿದೆ. ಸಂದುಗಳಿಗೆ ಟೇಪು, ಅಂಚುಗಳಿಗೆ ಸ್ಪ್ರೇ ಫೋಮ್. ಮನೆಯ ಮರದ ಚೌಕಟ್ಟು ಅಡಿಪಾಯದ ಮೇಲೆ ಕೂರುವ ರಿಮ್ ಜಾಯಿಸ್ಟ್ ಹತ್ತಿರ ಅತಿ ಹೆಚ್ಚು ಹೊತ್ತು ಕಳೆದೆ; ಒಂದೊಂದು ಗೂಡಿಗೂ ಫೋಮ್ ತುಂಡು ಕತ್ತರಿಸಿ ಕೂರಿಸಿ ಸುತ್ತ ಮುಚ್ಚಿದೆ. ಅದರ ಮುಂದೆ ಮರದ ಚೌಕಟ್ಟು, ಕೆಳಪಟ್ಟಿ ಮಾತ್ರ ರಾಸಾಯನಿಕ ಉಪಚಾರ ಮಾಡಿದ ಮರ. ಪ್ಲಾಸ್ಟಿಕ್ ಹಾಳೆ ಬೇಡವೇ ಬೇಡ. ಫೋಮ್‌ಗೆ ಬೆಂಕಿ ಬೇಗ ಹತ್ತುತ್ತದೆ, ಅದನ್ನು ಬಯಲಿಗೆ ಬಿಡಬಾರದು. ಅರ್ಧ ಇಂಚಿನ ಡ್ರೈವಾಲ್‌ನಿಂದ ಮುಚ್ಚಿದೆ, ನೆಲಕ್ಕೆ ತಾಗದ ಹಾಗೆ ಅರ್ಧ ಇಂಚು ಎತ್ತಿ.

ನೆಲಕ್ಕೆ ಉಬ್ಬು ಗುಬುಟಿನ ಪ್ಲಾಸ್ಟಿಕ್ ಹಾಸು, ಮೇಲೆ ಪ್ಲೈವುಡ್, ಅದರ ಮೇಲೆ ವಿನೈಲ್ ಹಲಗೆ. ಮಕ್ಕಳು ಕಾರ್ಪೆಟ್ ಕೇಳಿದರು, ಕೊಡಲಿಲ್ಲ. ಕಾರ್ಪೆಟ್ ಒಂದು ಸಲ ನೆನೆದರೆ 24ರಿಂದ 48 ಗಂಟೆಯೊಳಗೆ ಒಣಗಿಸಬೇಕು, ಇಲ್ಲವಾದರೆ ಬೂಷ್ಟು.

ನೆಲದಡಿಯ ಗುಂಡಿಯಲ್ಲಿ (ಸಂಪ್) ಸೇರುವ ನೀರನ್ನು ಹೊರಹಾಕುವ ಸಂಪ್ ಪಂಪ್‌ಗೆ ಬ್ಯಾಟರಿ ಜೋಡಿಸಿದ್ದೇನೆ, ಏಕೆಂದರೆ ಜೋರು ಮಳೆ ಬರುವ ರಾತ್ರಿಯೇ ಇಲ್ಲಿ ಕರೆಂಟ್ ಹೋಗುತ್ತದೆ. ಮೇಯಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವ ಹೀರುವ ಯಂತ್ರ ಡಿಹ್ಯೂಮಿಡಿಫೈಯರನ್ನು ಶೇ. 50ಕ್ಕೆ ಇಟ್ಟಿರುತ್ತೇನೆ, ಅದರ ನೀರು ಪೈಪಿನಲ್ಲಿ ಸೀದಾ ಸಂಪ್‌ಗೆ. ಬಕೆಟ್ ತುಂಬಿ ನಿಂತುಹೋಗುವ ತಲೆಬಿಸಿ ಇಲ್ಲ.

ಉತ್ತರದ ಮೂಲೆಯಲ್ಲಿ ಎರಡಡಿ ಸ್ಕರ್ಟಿಂಗನ್ನು ಮೊಳೆ ಹೊಡೆಯದೆ ಸ್ಕ್ರೂ ಹಾಕಿ ಇಟ್ಟಿದ್ದೇನೆ. ಪ್ರತಿ ಏಪ್ರಿಲ್, ಹಿಮ ಕರಗಿದ ಮೇಲೆ, ಅದನ್ನು ಬಿಚ್ಚಿ ಟಾರ್ಚ್ ಬಿಟ್ಟು ಕೆಳಪಟ್ಟಿಯ ಮೇಲೆ ಬೆರಳು ಆಡಿಸುತ್ತೇನೆ. ಈ ವರ್ಷ ಬೆರಳಿಗೆ ಅಂಟಿದ್ದು ಒಣ ಮರದ ಹೊಟ್ಟು.